ಯಾವುದರಲ್ಲಿ ಕರೆಂಟ್ ಹರಿಯುತ್ತದೆ, ಎಷ್ಟು ಹರಿಯುತ್ತದೆ: ನೀವೇ ಪರೀಕ್ಷಿಸಲು ಸಮಗ್ರ ಮಾರ್ಗದರ್ಶಿ

ಒಂದು ಬ್ಯಾಟರಿ, ಒಂದು ಎಲ್‌ಇಡಿ, ಎರಡು ವೈರು. ನಡುವೆ ಒಂದೊಂದೇ ವಸ್ತು ಇಟ್ಟು ನೋಡುವುದು. ಕೇಳಿದರೆ ಐದು ನಿಮಿಷದ ಕೆಲಸ. ಆದರೂ ಇದನ್ನು ಮಾಡಿದವರ ಪಟ್ಟಿಗಳಲ್ಲಿ ‘ಅಲ್ಯುಮಿನಿಯಂ: ಹರಿಯುವುದಿಲ್ಲ’, ‘ರಬ್ಬರ್: ಹರಿಯುತ್ತದೆ’, ‘ನೀರು: ಒಮ್ಮೆ ಹೌದು, ಒಮ್ಮೆ ಇಲ್ಲ’ ಎಂಬ ಸಾಲುಗಳು ಮತ್ತೆ ಮತ್ತೆ ಕಾಣುತ್ತವೆ. ಬರೆದವರು ಸುಳ್ಳು ಹೇಳಿಲ್ಲ, ಅವರ ಎಲ್‌ಇಡಿ ತೋರಿಸಿದ್ದೇ ಅದು. ವಸ್ತುವನ್ನು ಪರೀಕ್ಷಿಸುತ್ತಿದ್ದೇವೆ ಅಂದುಕೊಂಡು ಅದರ ಮೇಲಿನ ಲೇಪವನ್ನೋ, ತಮ್ಮ ಬೆರಳನ್ನೋ, ಕ್ಲಿಪ್ಪಿನ ತುಕ್ಕನ್ನೋ ಪರೀಕ್ಷಿಸಿರುತ್ತಾರೆ, ಅಷ್ಟೇ.

ಎಡವುವ ಇನ್ನೊಂದು ಜಾಗ, ಉತ್ತರ ಹೌದು ಅಥವಾ ಇಲ್ಲ ಎಂದೇ ಇರುತ್ತದೆ ಅನ್ನುವ ನಿರೀಕ್ಷೆ. ತಾಮ್ರಕ್ಕೂ ಗಾಜಿಗೂ ಇರುವ ಅಂತರ 1ರ ಮುಂದೆ 18 ಸೊನ್ನೆ ಇಟ್ಟರೂ ಸಾಲದಷ್ಟು. ಇಷ್ಟು ದೊಡ್ಡ ಹರವನ್ನು ಒಂದೇ ಎಲ್‌ಇಡಿಯಿಂದ ಅಳೆಯಲಾಗದು. ಅದಕ್ಕೇ ಕೆಳಗಿನ ಹಂತಗಳಲ್ಲಿ ಅಳೆಯುವ ವಿಧಾನ ನಡುನಡುವೆ ಬದಲಾಗುತ್ತದೆ. ಹಂತಗಳ ಕ್ರಮ ತಪ್ಪಿಸಬೇಡಿ. ಮುಖ್ಯವಾಗಿ ನೀರನ್ನು ಮೊದಲಿಗೆ ಮುಟ್ಟಬೇಡಿ.

## ಬೇಕಾಗುವ ಸಾಮಾನು

9 ವೋಲ್ಟ್ ಬ್ಯಾಟರಿ, 1.5 ವೋಲ್ಟಿನ ಒಂದು ಸೆಲ್, ಕೆಂಪು ಎಲ್‌ಇಡಿ, 470 ಓಮ್ ರೆಸಿಸ್ಟರ್, ಅರ್ಧ ವಾಟ್ ತಾಳುವ 10 ಓಮ್ ರೆಸಿಸ್ಟರ್, ಎರಡೂ ತುದಿಗೆ ಕ್ಲಿಪ್ ಇರುವ ನಾಲ್ಕೈದು ವೈರು, ಡಿಜಿಟಲ್ ಮಲ್ಟಿಮೀಟರ್, ನಯವಾದ ಸ್ಯಾಂಡ್‌ಪೇಪರ್, ಒಣ ಬಟ್ಟೆ.

ಪರೀಕ್ಷೆಗೆ: ತಾಮ್ರದ ವೈರು, ಕಬ್ಬಿಣದ ತಂತಿ, ನೈಕ್ರೋಮ್ ತಂತಿ, ಅಲ್ಯುಮಿನಿಯಂ ಪಟ್ಟಿ, 6ಬಿ ಪೆನ್ಸಿಲ್, ಒಣ ಮರ, ಗಾಜು, ಪ್ಲಾಸ್ಟಿಕ್, ರಬ್ಬರ್, ಒಂದು ಡಯೋಡ್, ಸಾಧ್ಯವಾದರೆ 10 ಕಿಲೋಓಮ್ ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ರೋಧ ಬದಲಾಗುವ ಬಿಡಿಭಾಗ). ದ್ರವಗಳಿಗೆ ಡಿಸ್ಟಿಲ್ಡ್ ವಾಟರ್, ನಲ್ಲಿ ನೀರು, ಉಪ್ಪು, ಸಕ್ಕರೆ.

ನೈಕ್ರೋಮ್ ಸಿಗದಿದ್ದರೆ ಕಬ್ಬಿಣದಲ್ಲೇ ಕೆಲಸ ನಡೆಯುತ್ತದೆ. ಮಲ್ಟಿಮೀಟರ್ ಇಲ್ಲದಿದ್ದರೆ ಅರ್ಧ ದಾರಿಯಲ್ಲಿ ನಿಲ್ಲಬೇಕಾಗುತ್ತದೆ.

## ಈ ಲಕ್ಷಣ ಕಂಡರೆ ಮೊದಲು ಬ್ಯಾಟರಿ ಕಳಚಿ

ಗೋಡೆಯ ಸಾಕೆಟ್‌ನ ಕರೆಂಟಿಗೂ ಈ ಪ್ರಯೋಗಕ್ಕೂ ಯಾವ ಸಂಬಂಧವೂ ಬೇಡ. ಒಣ ಚರ್ಮದ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಹತ್ತಾರು ಸಾವಿರ ಓಮ್ ಇರಬಹುದು. ಕೈ ಒದ್ದೆಯಾದರೆ ದೇಹದ ಒಟ್ಟು ರೋಧ 1,000 ಓಮ್ ಹತ್ತಿರಕ್ಕೆ ಕುಸಿಯುತ್ತದೆ. ಆಗ 230 ವೋಲ್ಟ್ ತಗುಲಿದರೆ ದೇಹದಲ್ಲಿ ಹರಿಯುವುದು 230 ಮಿಲಿಆಂಪ್. ಜೀವ ಕಾಯಲೆಂದು ಮನೆಗಳಲ್ಲಿ ಹಾಕುವ ಲೀಕೇಜ್ ಬ್ರೇಕರ್ ಸಾಮಾನ್ಯವಾಗಿ 30 ಮಿಲಿಆಂಪ್ ಸೋರಿದರೇ ಬೀಳುತ್ತದೆ ಎಂದರೆ ಲೆಕ್ಕ ತಿಳಿಯುತ್ತದೆ.

ಬ್ಯಾಟರಿ ಬಿಸಿಯಾಗುತ್ತಿದ್ದರೆ ಎಲ್ಲೋ ಶಾರ್ಟ್ ಆಗಿದೆ. ರೆಸಿಸ್ಟರಿನಿಂದ ಸುಟ್ಟ ವಾಸನೆ ಬಂದರೆ ತಪ್ಪು ರೆಸಿಸ್ಟರ್ ಹಾಕಿದ್ದೀರಿ. ಉಪ್ಪು ನೀರಿನಿಂದ ಬ್ಲೀಚಿಂಗ್ ಪುಡಿಯ ಘಾಟು ಬಂದರೆ ಅದು ಕ್ಲೋರಿನ್, ಕಿಟಕಿ ತೆರೆಯಿರಿ. ಮೊಬೈಲ್ ಅಥವಾ ಲ್ಯಾಪ್‌ಟಾಪಿನಿಂದ ತೆಗೆದ ಲಿಥಿಯಂ ಬ್ಯಾಟರಿಯನ್ನು ಈ ಕೆಲಸಕ್ಕೆ ಬಳಸಲೇಬೇಡಿ. ಶಾರ್ಟ್ ಆದರೆ ಅದು ಬಿಸಿಯಾಗುವಷ್ಟಕ್ಕೆ ನಿಲ್ಲದೆ ಹೊತ್ತಿಕೊಳ್ಳಬಹುದು.

## ಹಂತ 1: ಟೆಸ್ಟರ್ ಕಟ್ಟಿಕೊಳ್ಳಿ

9 ವೋಲ್ಟ್ ಬ್ಯಾಟರಿಯ ಪ್ಲಸ್‌ನಿಂದ 470 ಓಮ್ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಎಲ್‌ಇಡಿಯ ಗಿಡ್ಡ ಕಾಲಿನಿಂದ ಒಂದು ಕ್ಲಿಪ್. ಬ್ಯಾಟರಿಯ ಮೈನಸ್‌ನಿಂದ ಇನ್ನೊಂದು ಕ್ಲಿಪ್. ಈ ಎರಡು ಕ್ಲಿಪ್ಪುಗಳ ನಡುವಿನ ಖಾಲಿ ಜಾಗದಲ್ಲೇ ಪರೀಕ್ಷೆಯ ವಸ್ತು ಕೂರಬೇಕು.

ರೆಸಿಸ್ಟರ್ ಯಾಕೆ ಎಂದರೆ, ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ಇಟ್ಟುಕೊಂಡು ಉಳಿದ 7 ವೋಲ್ಟನ್ನು ಯಾರಾದರೂ ಹೊರಲಿ ಎನ್ನುತ್ತದೆ. 7 ವೋಲ್ಟನ್ನು 470 ಓಮ್‌ನಿಂದ ಭಾಗಿಸಿದರೆ 15 ಮಿಲಿಆಂಪ್, ಎಲ್‌ಇಡಿಗೆ ಹಿತವಾದ ಪ್ರಮಾಣ. ರೆಸಿಸ್ಟರ್ ಬಿಟ್ಟರೆ ತಾಮ್ರ ಇಟ್ಟ ಕೂಡಲೇ ಎಲ್‌ಇಡಿ ಸುಟ್ಟುಹೋಗುತ್ತದೆ. ಆಮೇಲೆ ಇಟ್ಟಿದ್ದೆಲ್ಲ ‘ಅವಾಹಕ’ವಾಗಿ, ಅಂದರೆ ಕರೆಂಟ್ ಹರಿಯದ ವಸ್ತುವಾಗಿ, ಕಾಣುತ್ತದೆ.

## ಹಂತ 2: ಟೆಸ್ಟರನ್ನೇ ಮೊದಲು ಟೆಸ್ಟ್ ಮಾಡಿ

ಎರಡು ಕ್ಲಿಪ್ಪುಗಳನ್ನು ಒಂದಕ್ಕೊಂದು ಮುಟ್ಟಿಸಿ. ಎಲ್‌ಇಡಿ ಪೂರ್ತಿ ಉರಿಯಬೇಕು. ಬಿಡಿಸಿ, ಸಂಪೂರ್ಣ ಆರಬೇಕು. ಉರಿಯದಿದ್ದರೆ ಎಲ್‌ಇಡಿ ತಿರುಗುಮುರುಗಾಗಿದೆ ಅಥವಾ ಬ್ಯಾಟರಿ ಸತ್ತಿದೆ.

ಈಗ ಒಂದು ತುಂಡು ತಾಮ್ರದ ವೈರು ತೆಗೆದುಕೊಂಡು ಎರಡೂ ತುದಿ ಉಜ್ಜಿ ಹೊಳೆಯುವಂತೆ ಮಾಡಿ, ಕ್ಲಿಪ್ಪಿಗೆ ಕಚ್ಚಿಸಿ. ಬೆಳಕು ಮೊದಲಿನಷ್ಟೇ ಇರಬೇಕು. ಈ ತುಂಡನ್ನು ಎಸೆಯದೆ ಪಕ್ಕಕ್ಕಿಡಿ. ಪ್ರತಿ ಐದಾರು ವಸ್ತುಗಳಿಗೊಮ್ಮೆ ಮತ್ತೆ ಇದನ್ನು ಇಟ್ಟು ನೋಡಬೇಕು. ಈ ಒಂದು ಅಭ್ಯಾಸ ಇದ್ದಿದ್ದರೆ ನನ್ನ ಒಂದು ಇಡೀ ಸಂಜೆ ಉಳಿಯುತ್ತಿತ್ತು. ಕ್ಲಿಪ್ಪಿನ ಒಳಗೆ, ಪ್ಲಾಸ್ಟಿಕ್ ತೋಳಿನ ಕೆಳಗೆ ವೈರು ಕಿತ್ತುಹೋಗಿದ್ದು ಹೊರಗಿನಿಂದ ಕಾಣಲೇ ಇಲ್ಲ. ಎಂಟು ವಸ್ತುಗಳನ್ನು ಅವಾಹಕ ಎಂದು ಬರೆದಿಟ್ಟಿದ್ದೆ, ಅವುಗಳಲ್ಲಿ ಒಂದು ಕಬ್ಬಿಣದ ಮೊಳೆ.

## ಹಂತ 3: ಮೇಲ್ಮೈ ಕೆರೆಯಿರಿ

ಅತಿ ಹೆಚ್ಚು ಜನ ಸೋಲುವುದು ಇಲ್ಲಿ.

ಅಲ್ಯುಮಿನಿಯಂ ಗಾಳಿಗೆ ತೆರೆದ ಕೂಡಲೇ ತನ್ನ ಮೈಮೇಲೆ ಆಕ್ಸೈಡಿನ ಪೊರೆ ಕಟ್ಟಿಕೊಳ್ಳುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪದ ಆ ಪೊರೆ ಅವಾಹಕ. ಕ್ಲಿಪ್ಪಿನ ಹಲ್ಲು ಗಟ್ಟಿಯಾಗಿ ಕಚ್ಚಿದರೆ ಪೊರೆ ಹರಿದು ಕರೆಂಟ್ ದಾಟುತ್ತದೆ, ಮೀಟರಿನ ಪ್ರೋಬಿನ (ಅಳೆಯುವ ಕಡ್ಡಿಯ) ತುದಿಯನ್ನು ಮೆಲ್ಲಗೆ ತಾಗಿಸಿದರೆ ದಾಟದೆಯೂ ಇರಬಹುದು. ಬಣ್ಣ ಕೂರಿಸಿದ ಆನೋಡೈಸ್ಡ್ ಅಲ್ಯುಮಿನಿಯಂ ಆದರಂತೂ ಪೊರೆಯನ್ನು ಬೇಕೆಂದೇ ದಪ್ಪ ಮಾಡಿರುತ್ತಾರೆ. ಕ್ಲಿಪ್ ಕಚ್ಚಿದರೂ ಎಲ್‌ಇಡಿ ಮಿಸುಕುವುದಿಲ್ಲ. ಅದೇ ತುಂಡಿನ ಎರಡು ಕಡೆ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಬೆಳ್ಳಗೆ ಹೊಳೆಯುವ ಲೋಹ ಕಂಡ ಮೇಲೆ ಕಚ್ಚಿಸಿ ನೋಡಿ. ಪೂರ್ತಿ ಬೆಳಕು.

ಮೋಟಾರಿನ ಕಾಯಿಲಿಗೆ ಸುತ್ತುವ ತಾಮ್ರದ ತಂತಿಯೂ ಹೀಗೇ ಮೋಸ ಮಾಡುತ್ತದೆ. ಬರಿ ತಾಮ್ರದಂತೆ ಕೆಂಪಗೆ ಹೊಳೆಯುತ್ತಿದ್ದರೂ ಅದರ ಮೇಲೆ ಪಾರದರ್ಶಕ ವಾರ್ನಿಷ್ ಇರುತ್ತದೆ. ತುದಿಯನ್ನು ಸುತ್ತಲೂ ಕೆರೆಯಬೇಕು, ಒಂದು ಬದಿ ಕೆರೆದರೆ ಸಾಲದು.

ನಿಯಮ ಇಷ್ಟು: ಎಲ್‌ಇಡಿ ಉರಿದರೆ ಆ ಉತ್ತರವನ್ನು ಹೆಚ್ಚೂಕಡಿಮೆ ನಂಬಬಹುದು. ಉರಿಯದಿದ್ದರೆ, ಕೆರೆದು, ಬೇರೆ ಎರಡು ಜಾಗದಲ್ಲಿ ಕಚ್ಚಿಸಿ, ಮೂರನೆಯ ಸಲವೂ ಉರಿಯದಿದ್ದರೆ ಮಾತ್ರ ಬರೆದುಕೊಳ್ಳಿ.

## ಹಂತ 4: ಲೋಹ ಲೋಹಗಳ ನಡುವಿನ ವ್ಯತ್ಯಾಸ

ತಾಮ್ರ, ಕಬ್ಬಿಣ, ನೈಕ್ರೋಮ್ ಮೂರನ್ನೂ ಟೆಸ್ಟರಿಗೆ ಹಾಕಿದರೆ ಮೂರರಲ್ಲೂ ಒಂದೇ ಬೆಳಕು. ಹಾಗಾದರೆ ಮೂರೂ ಸಮ ಎಂದು ಬರೆಯುವುದು ಎರಡನೆಯ ದೊಡ್ಡ ತಪ್ಪು. ನಿಮ್ಮ ಸರ್ಕ್ಯೂಟಿನಲ್ಲಿ ಈಗಾಗಲೇ 470 ಓಮ್ ಕೂತಿದೆ. ಅದರ ಜತೆ 0.1 ಓಮ್ ಸೇರಿದರೂ 10 ಓಮ್ ಸೇರಿದರೂ ಕಣ್ಣಿಗೆ ಒಂದೇ. 100 ಓಮ್ ಸೇರಿಸಿದರೂ ಕರೆಂಟ್ 15ರಿಂದ ಸುಮಾರು 12 ಮಿಲಿಆಂಪಿಗೆ ಇಳಿಯುತ್ತದೆ, ಅಷ್ಟೇ.

ಮಲ್ಟಿಮೀಟರಿನ ಓಮ್ ರೇಂಜಿಗೆ ಹಾಕಿದರೂ ಬಗೆಹರಿಯದು. ಪ್ರೋಬುಗಳನ್ನು ಒಂದಕ್ಕೊಂದು ಮುಟ್ಟಿಸಿದರೇ ಅನೇಕ ಮೀಟರುಗಳು 0.2ರಿಂದ 0.5 ಓಮ್ ತೋರಿಸುತ್ತವೆ. 1 ಮೀಟರ್ ಉದ್ದ, 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ರೋಧ ಬರೀ 0.017 ಓಮ್. ಪ್ರೋಬಿನ ರೋಧದಲ್ಲೇ ಅದು ಮುಳುಗಿಹೋಗುತ್ತದೆ.

ಮಾಡಬೇಕಾದ್ದು ಹೀಗೆ. 1.5 ವೋಲ್ಟ್ ಸೆಲ್, 10 ಓಮ್ ರೆಸಿಸ್ಟರ್, 1 ಮೀಟರ್ ಉದ್ದದ ತಂತಿ, ಮೂರನ್ನೂ ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಜೋಡಿಸಿ. ಮೀಟರನ್ನು ವೋಲ್ಟೇಜಿಗೆ ತಿರುಗಿಸಿ. ಮೊದಲು ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಓದಿ, 10ರಿಂದ ಭಾಗಿಸಿ, ಕರೆಂಟ್ ಸಿಕ್ಕಿತು. ಆಮೇಲೆ ಮಿಲಿವೋಲ್ಟ್ ರೇಂಜಿನಲ್ಲಿ ತಂತಿಯ ವೋಲ್ಟೇಜ್ ಓದಿ. ಇಲ್ಲೊಂದು ಸೂಕ್ಷ್ಮ ಇದೆ: ಪ್ರೋಬುಗಳು ಕ್ಲಿಪ್ಪನ್ನು ಮುಟ್ಟದೆ, ಕ್ಲಿಪ್ಪಿನ ಒಳಬದಿಯಲ್ಲಿ ತಂತಿಯನ್ನೇ ಮುಟ್ಟಬೇಕು. ಆಗ ಕ್ಲಿಪ್ಪಿನ ಕೆಟ್ಟ ಸಂಪರ್ಕ ಲೆಕ್ಕಕ್ಕೆ ಸೇರುವುದಿಲ್ಲ. ತಂತಿಯ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಅದರ ರೋಧ.

0.4 ಮಿಲಿಮೀಟರ್ ವ್ಯಾಸದ 1 ಮೀಟರ್ ತಂತಿಗಳಲ್ಲಿ ತಾಮ್ರ ಸುಮಾರು 20 ಮಿಲಿವೋಲ್ಟ್ ತೋರಿಸುತ್ತದೆ, ಶುದ್ಧ ಕಬ್ಬಿಣ 100ರ ಆಸುಪಾಸು, ನೈಕ್ರೋಮ್ ಸುಮಾರು 700. ಲೆಕ್ಕ ಹಾಕಿದರೆ ತಾಮ್ರ 0.13 ಓಮ್, ಕಬ್ಬಿಣ ಮುಕ್ಕಾಲು ಓಮ್, ನೈಕ್ರೋಮ್ ಎಂಟು-ಒಂಬತ್ತು ಓಮ್. ಒಂದೇ ಬೆಳಕು ಕೊಟ್ಟಿದ್ದ ತಂತಿಗಳ ನಡುವೆ ಅರುವತ್ತು ಪಟ್ಟು ಅಂತರ! ಮಾರುಕಟ್ಟೆಯ ಕಬ್ಬಿಣದ ತಂತಿಯಲ್ಲಿ ಇಂಗಾಲ, ಸತು ಸೇರಿರುವುದರಿಂದ ನಿಮ್ಮ ಸಂಖ್ಯೆ ಸ್ವಲ್ಪ ಆಚೀಚೆ ಬರುತ್ತದೆ, ಗಾಬರಿ ಬೇಡ. ಓದಿದ ಕೂಡಲೇ ಸೆಲ್ ಬಿಡಿಸಿ, ಇಲ್ಲದಿದ್ದರೆ ಸೆಲ್ ಇಳಿಯುತ್ತದೆ.

ಈ ಅಂತರ ಎಲ್ಲಿಂದ ಬಂತು? ಲೋಹದಲ್ಲಿ ಯಾವ ಪರಮಾಣುವಿಗೂ ಅಂಟಿಕೊಳ್ಳದೆ ಅಲೆಯುವ ಎಲೆಕ್ಟ್ರಾನುಗಳಿವೆ. ತಾಮ್ರದಲ್ಲಿ ಪರಮಾಣುಗಳು ಸಾಲು ತಪ್ಪದೆ ನಿಂತಿರುವುದರಿಂದ ಅವುಗಳ ದಾರಿಗೆ ಅಡ್ಡಿ ಕಡಿಮೆ. ನೈಕ್ರೋಮ್ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆತ ಮಿಶ್ರಲೋಹ. ಬೇರೆ ಬೇರೆ ಜಾತಿಯ ಪರಮಾಣುಗಳು ಕಲಸಿಕೊಂಡಿರುವಲ್ಲಿ ಎಲೆಕ್ಟ್ರಾನು ಹೆಜ್ಜೆಹೆಜ್ಜೆಗೂ ದಿಕ್ಕು ತಪ್ಪುತ್ತದೆ. ಅಂದಹಾಗೆ ಇವು ಓಡುತ್ತವೆ ಅಂದುಕೊಳ್ಳಬೇಡಿ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದಲ್ಲಿ 1 ಆಂಪ್ ಹರಿಯುವಾಗ ಎಲೆಕ್ಟ್ರಾನುಗಳು ಸರಾಸರಿ ಸರಿಯುವುದು ಗಂಟೆಗೆ ಒಂದು ಗೇಣಿಗಿಂತ ತುಸು ಹೆಚ್ಚು. ಎಲ್‌ಇಡಿ ಥಟ್ಟನೆ ಹೊತ್ತುವುದು, ತಂತಿಯ ಉದ್ದಕ್ಕೂ ಇರುವ ಎಲೆಕ್ಟ್ರಾನುಗಳು ಒಟ್ಟಿಗೇ ಸರಿಯತೊಡಗುವುದರಿಂದ.

## ಹಂತ 5: ಪೆನ್ಸಿಲ್ ಗೆರೆ

ಉದ್ದ ಹೆಚ್ಚಿದರೆ ರೋಧ ಹೆಚ್ಚು, ಅಗಲ ಹೆಚ್ಚಿದರೆ ರೋಧ ಕಡಿಮೆ ಎಂಬುದನ್ನು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

6ಬಿ ಪೆನ್ಸಿಲಿನಿಂದ ದಪ್ಪ ಕಾಗದದ ಮೇಲೆ ಅರ್ಧ ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ಪಟ್ಟಿ ಎಳೆಯಿರಿ. ಒಂದು ಸಲ ಎಳೆದರೆ ಸಾಲದು. ಕಾಗದದ ಬಿಳುಪು ಪೂರ್ತಿ ಮುಚ್ಚಿ, ಪಟ್ಟಿ ಸೀಸದಂತೆ ಮಿನುಗುವ ತನಕ ತೀಡಬೇಕು. ಒಂದು ಕ್ಲಿಪ್ಪನ್ನು ಪಟ್ಟಿಯ ತುದಿಗೆ ಕಚ್ಚಿಸಿ, ಇನ್ನೊಂದು ವೈರಿನ ತುದಿಯನ್ನು ಪಟ್ಟಿಯ ಮೇಲೆ ಒತ್ತಿ ಹಿಡಿದು ಮೆಲ್ಲಗೆ ಹತ್ತಿರಕ್ಕೆ ಜಾರಿಸಿ. ದೂರದಲ್ಲಿದ್ದಾಗ ಕೆಂಡದ ಚುಕ್ಕಿಯಷ್ಟಿದ್ದ ಎಲ್‌ಇಡಿ ಹತ್ತಿರ ಬರುತ್ತ ಬರುತ್ತ ಬೆಳಗುತ್ತದೆ. ಕೋಣೆ ಸ್ವಲ್ಪ ಕತ್ತಲಾಗಿದ್ದರೆ ಚೆಂದ. ಈಗ ಪಟ್ಟಿಯ ಅಗಲ ಎರಡು ಪಟ್ಟು ಮಾಡಿ ಮೀಟರಿನಲ್ಲಿ ಓದಿ, ರೋಧ ಸುಮಾರು ಅರ್ಧಕ್ಕೆ ಇಳಿದಿರುತ್ತದೆ.

ಬೆಳಕೇ ಬರದಿದ್ದರೆ ಎರಡು ಕಾರಣ. ಎಚ್‌ಬಿ ಅಥವಾ ಅದಕ್ಕಿಂತ ಗಟ್ಟಿ ಪೆನ್ಸಿಲ್ ಬಳಸಿದ್ದೀರಿ, ಅದರಲ್ಲಿ ಗ್ರಾಫೈಟ್ ಕಡಿಮೆ, ಜೇಡಿ ಹೆಚ್ಚು. ಅಥವಾ ಕ್ಲಿಪ್ಪಿನ ಹಲ್ಲು ಕಚ್ಚಿದಲ್ಲಿ ಗೆರೆಯೇ ಹರಿದಿದೆ.

## ಹಂತ 6: ಅವಾಹಕಗಳು

ಒಣ ಮರ, ಗಾಜು, ಪ್ಲಾಸ್ಟಿಕ್ ಎಲ್‌ಇಡಿಯನ್ನು ಹೊತ್ತಿಸುವುದಿಲ್ಲ. ಮೀಟರನ್ನು ಅದರ ಅತಿ ದೊಡ್ಡ ರೇಂಜಿಗೆ, ಹೆಚ್ಚಿನವುಗಳಲ್ಲಿ 20 ಮೆಗಾಓಮ್, ತಿರುಗಿಸಿ ಪ್ರೋಬ್ ಇಡಿ. ಎಡಗಡೆ ಒಂಟಿ ‘1’ ಅಥವಾ ‘ಓಎಲ್’ ಬರುತ್ತದೆ. ಅದನ್ನು ‘1 ಓಮ್’ ಎಂದು ಓದಿ ಗಾಜು ಒಳ್ಳೆಯ ವಾಹಕ ಎಂದು ಬರೆದವರಿದ್ದಾರೆ. ಅದರ ಅರ್ಥ ‘ನನ್ನ ಅಳತೆ ಮೀರಿದೆ’ ಎಂದಷ್ಟೇ.

ಈ ಹಂತದಲ್ಲಿ ಪ್ರೋಬಿನ ಲೋಹದ ತುದಿಯನ್ನು ಬೆರಳಿನಿಂದ ಮುಟ್ಟಲೇಬಾರದು. ವಸ್ತುವನ್ನು ಎರಡೂ ಕೈಯಲ್ಲಿ ಹಿಡಿದು ಪ್ರೋಬ್ ಒತ್ತಿದರೆ ಕರೆಂಟಿಗೆ ನಿಮ್ಮ ದೇಹವೇ ಪಕ್ಕದ ದಾರಿ. ಮೀಟರ್ ಕೆಲವು ನೂರು ಕಿಲೋಓಮ್ ತೋರಿಸುತ್ತದೆ, ನೀವು ಅದನ್ನು ರಬ್ಬರಿನ ಲೆಕ್ಕಕ್ಕೆ ಬರೆಯುತ್ತೀರಿ. ವಸ್ತುವನ್ನು ಒಣ ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು ಕ್ಲಿಪ್ ಕಚ್ಚಿಸಿ ಕೈ ತೆಗೆಯಿರಿ.

ಕೈ ತೆಗೆದ ಮೇಲೂ ಕಪ್ಪು ರಬ್ಬರ್ ರೀಡಿಂಗ್ ಕೊಟ್ಟರೆ ಅದು ನಿಜವೇ ಇರಬಹುದು. ಟೈರಿನಂಥ ಕಪ್ಪು ರಬ್ಬರಿಗೆ ಕಾರ್ಬನ್ ಪುಡಿ ಬೆರೆಸಿರುತ್ತಾರೆ, ಆ ಕಣಗಳು ಒಂದಕ್ಕೊಂದು ತಾಗಿದಲ್ಲಿ ದಾರಿ ಆಗುತ್ತದೆ. ಮರವೂ ಹಾಗೇ, ಒಣಗಿದ್ದರೆ ಅಳತೆ ಮೀರುತ್ತದೆ, ತೇವ ಇದ್ದರೆ ರೀಡಿಂಗ್ ಕೊಡುತ್ತದೆ. ಮರದ ತೇವ ಅಳೆಯುವ ಮೀಟರ್ ಇದೇ ಗುಣವನ್ನು ಬಳಸಿಕೊಳ್ಳುತ್ತದೆ.

## ಹಂತ 7: ಅರೆವಾಹಕಗಳು

ಅರೆವಾಹಕ ಅಂದರೆ ವಾಹಕಕ್ಕೂ ಅವಾಹಕಕ್ಕೂ ನಡುವಿನ ವಸ್ತು, ಡಯೋಡ್, ಥರ್ಮಿಸ್ಟರ್ ಅಂಥದರಿಂದಲೇ ಮಾಡಿದವು. ಡಯೋಡನ್ನು ಟೆಸ್ಟರಿಗೆ ಕಚ್ಚಿಸಿ, ಆಮೇಲೆ ತಿರುಗಿಸಿ ಕಚ್ಚಿಸಿ. ಒಂದು ದಿಕ್ಕಿನಲ್ಲಿ ಉರಿಯುತ್ತದೆ, ಇನ್ನೊಂದರಲ್ಲಿ ಇಲ್ಲ. ಒಂದೇ ದಿಕ್ಕಿನಲ್ಲಿ ನೋಡಿ ತೀರ್ಪು ಕೊಡಬೇಡಿ.

ಥರ್ಮಿಸ್ಟರನ್ನು ಮೀಟರಿಗೆ ಹಾಕಿ. 25 ಡಿಗ್ರಿಯಲ್ಲಿ 10 ಕಿಲೋಓಮ್ ಇರುವ ಎನ್‌ಟಿಸಿ (ಬಿಸಿಯಾದಂತೆ ರೋಧ ಇಳಿಯುವ) ಜಾತಿಯದು 50 ಡಿಗ್ರಿಗೆ ಬಿಸಿಯಾದರೆ ಸುಮಾರು 3.6 ಕಿಲೋಓಮ್‌ಗೆ ಇಳಿಯುತ್ತದೆ. ಬಿಸಿ ಕೊಟ್ಟಷ್ಟೂ ಹೊಸ ಎಲೆಕ್ಟ್ರಾನುಗಳು ಬಂಧನ ಬಿಡಿಸಿಕೊಂಡು ಹರಿವಿಗೆ ಸೇರುತ್ತವೆ. ಲೋಹದಲ್ಲಿ ಇದರ ತದ್ವಿರುದ್ಧ, ಬಿಸಿಯಾದಷ್ಟೂ ಪರಮಾಣುಗಳ ನಡುಕ ಹೆಚ್ಚಿ ದಾರಿ ಕಷ್ಟವಾಗುತ್ತದೆ. ಹೋಲ್ಡರಿನಿಂದ ಬಿಚ್ಚಿ ತಂದ ಹಳೆಯ ಫಿಲಮೆಂಟ್ ಬಲ್ಬ್ ಇದ್ದರೆ ಮೇಜಿನ ಮೇಲಿಟ್ಟು ಓಮ್ ಅಳೆಯಿರಿ. 230 ವೋಲ್ಟಿನ 60 ವಾಟ್ ಬಲ್ಬ್ ಉರಿಯುವಾಗ ಅದರ ರೋಧ 880 ಓಮ್ ಇರಲೇಬೇಕು ಎಂದು ಲೆಕ್ಕ ಹೇಳುತ್ತದೆ. ತಣ್ಣಗಿರುವಾಗ ಮೀಟರ್ ತೋರಿಸುವುದು ಅದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಮೀಟರ್ ಕೆಟ್ಟಿಲ್ಲ, ತಂತಿ ತಣ್ಣಗಿದೆ.

## ಹಂತ 8: ನೀರು, ಕಟ್ಟಕಡೆಗೆ

ನೀರನ್ನು ಕೊನೆಗಿಟ್ಟದ್ದಕ್ಕೆ ಕಾರಣ, ಅದು ಕ್ಲಿಪ್ಪುಗಳನ್ನು ಹಾಳು ಮಾಡುತ್ತದೆ. ಉಪ್ಪು ನೀರಿನಲ್ಲಿ ಅದ್ದಿದ ಕ್ಲಿಪ್ಪಿನಿಂದ ಆಮೇಲೆ ಒಣ ವಸ್ತು ಅಳೆದರೆ ಅದರ ಮೇಲಿನ ಒದ್ದೆ ಪದರವೇ ಕರೆಂಟ್ ಒಯ್ಯುತ್ತದೆ.

ಕ್ಲಿಪ್ಪನ್ನು ನೇರ ಮುಳುಗಿಸದೆ, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್ ತೆಗೆದುಕೊಳ್ಳಿ. ಮೇಲಿನ ತುದಿಗೆ ಕ್ಲಿಪ್, ಕೆಳಗಿನ ತುದಿ ನೀರಿಗೆ. ಸ್ಟೀಲ್ ಚಮಚ ಬಳಸಬೇಡಿ, ಉಪ್ಪು ನೀರಿನಲ್ಲಿ ಅದರಿಂದ ಕ್ರೋಮಿಯಂನ ವಿಷಕಾರಿ ಸಂಯುಕ್ತಗಳು ಬಿಡುಗಡೆಯಾಗಬಹುದು. ತಾಮ್ರ ಅದ್ದಿದರೆ ಪ್ಲಸ್ ಕಡೆ ಕರಗಿ ನೀರಿಗೆ ಹಸಿರು-ನೀಲಿ ಬಣ್ಣ ಬರುತ್ತದೆ, ಆಮೇಲೆ ನೀವು ಅಳೆಯುತ್ತಿರುವುದು ಬೇರೆಯೇ ದ್ರವ.

ಎರಡು ಪೆನ್ಸಿಲ್ಲುಗಳ ಅಂತರ, ಮುಳುಗಿದ ಆಳ ಎಲ್ಲ ದ್ರವಗಳಿಗೂ ಒಂದೇ ಇರಬೇಕು. ರಟ್ಟಿನ ತುಂಡಿಗೆ ಎರಡು ತೂತು ಕೊರೆದು ಸಿಕ್ಕಿಸಿದರೆ ಆಯಿತು. ಲೋಟ ಪೂರ್ತಿ ಮುಚ್ಚದಂತೆ ರಟ್ಟು ಕಿರಿದಾಗಿರಲಿ, ಕರೆಂಟ್ ಹರಿದಾಗ ನೀರಿನಿಂದ ಹುಟ್ಟುವ ಹೈಡ್ರೋಜನ್ ಒಳಗೆ ಕೂಡಿಕೊಳ್ಳಬಾರದು.

ಡಿಸ್ಟಿಲ್ಡ್ ವಾಟರಿನಿಂದ ಶುರುಮಾಡಿ. ಎಲ್‌ಇಡಿ ಆರಿಯೇ ಇರುತ್ತದೆ, ಕತ್ತಲಲ್ಲಿ ಬಲು ಮಸುಕಾಗಿ ಕಂಡರೂ ಕಾಣಬಹುದು. ಒಂದು ಚಮಚ ಸಕ್ಕರೆ ಕರಗಿಸಿ, ಬದಲಾವಣೆ ಇಲ್ಲ. ಸಕ್ಕರೆ ಇಡೀ ಅಣುಗಳಾಗಿಯೇ ಕರಗುತ್ತದೆ, ವಿದ್ಯುದಂಶ ಹೊತ್ತ ಕಣ ಯಾವುದೂ ಹುಟ್ಟುವುದಿಲ್ಲ. ನೀರು ಬದಲಿಸಿ, ನಲ್ಲಿ ನೀರಿನಲ್ಲಿ ನೋಡಿ, ಮಂದ ಬೆಳಕು. ಇನ್ನೊಮ್ಮೆ ಡಿಸ್ಟಿಲ್ಡ್ ವಾಟರ್ ತುಂಬಿ, ಪೆನ್ಸಿಲ್ ತುದಿ ಮುಳುಗಿಸಿಟ್ಟುಕೊಂಡೇ ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ ಕಲಕಿ. ಪ್ರತಿ ಚಿಟಿಕೆಗೂ ಬೆಳಕು ಏರುತ್ತದೆ. ಉಪ್ಪು ಕರಗಿದಾಗ ಸೋಡಿಯಂ, ಕ್ಲೋರೈಡ್ ಅಯಾನುಗಳಾಗಿ ಬೇರ್ಪಡುತ್ತದೆ, ಇಲ್ಲಿ ವಿದ್ಯುದಂಶ ಹೊರುವವು ಅವೇ. ಒಣ ಉಪ್ಪಿನ ಹರಳಿಗೆ ಕ್ಲಿಪ್ ಇಟ್ಟರೆ ಏನೂ ಆಗುವುದಿಲ್ಲ. ಅಯಾನುಗಳು ಅದರಲ್ಲೂ ಇವೆ, ಕದಲಲು ಜಾಗವಿಲ್ಲ.

ಪೂರ್ತಿ ಶುದ್ಧ ನೀರಿಗಿಂತ ಸಮುದ್ರದ ನೀರು ಸುಮಾರು ಒಂಬತ್ತು ಲಕ್ಷ ಪಟ್ಟು ಚೆನ್ನಾಗಿ ಕರೆಂಟ್ ಒಯ್ಯುತ್ತದೆ. ಅದೇ ಸಮುದ್ರದ ನೀರಿಗಿಂತ ತಾಮ್ರ ಒಂದು ಕೋಟಿ ಪಟ್ಟಿಗೂ ಹೆಚ್ಚು. ಉಪ್ಪು ನೀರಿನ ಎಲ್‌ಇಡಿ ಜೋರಾಗಿ ಉರಿದದ್ದು ನೋಡಿ ‘ಲೋಹದಷ್ಟೇ ಒಳ್ಳೆಯ ವಾಹಕ’ ಎಂದು ಬರೆಯುವ ಮೊದಲು ಹಂತ 4ರ ಪಾಠ ನೆನಪಿಸಿಕೊಳ್ಳಿ.

ನೀರನ್ನು ಮೀಟರಿನ ಓಮ್ ರೇಂಜಿನಲ್ಲಿ ಅಳೆಯಲು ಹೊರಟರೆ ಸಂಖ್ಯೆ ಒಂದೆಡೆ ನಿಲ್ಲದೆ ಏರುತ್ತಲೋ ಇಳಿಯುತ್ತಲೋ ಇರುತ್ತದೆ, ಪ್ರೋಬ್ ಅದಲುಬದಲು ಮಾಡಿದರೆ ಬೇರೆಯೇ ಬರುತ್ತದೆ. ಏಕಮುಖ ಕರೆಂಟ್ ಹರಿದಂತೆ ಅಯಾನುಗಳು ಪೆನ್ಸಿಲ್ ತುದಿಯ ಸುತ್ತ ಮುತ್ತಿಕೊಳ್ಳುತ್ತವೆ, ಗುಳ್ಳೆಗಳು ಅಂಟಿ ಮೇಲ್ಮೈ ಮುಚ್ಚುತ್ತವೆ. ಮೈನಸ್ ಕಡೆಯ ತುದಿಯನ್ನು ಹತ್ತಿರದಿಂದ ನೋಡಿ, ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತಿರುತ್ತವೆ, ಅದು ಹೈಡ್ರೋಜನ್. ಉಪ್ಪು ನೀರಿನಲ್ಲಿ ಪ್ಲಸ್ ಕಡೆ ಕ್ಲೋರಿನ್ ಹುಟ್ಟುತ್ತದೆ. ಹಾಗಾಗಿ ಪ್ರತಿ ದ್ರವಕ್ಕೂ ಹತ್ತು ಸೆಕೆಂಡ್ ಸಾಕು. ಎಲ್‌ಇಡಿಯ ಜತೆ ಸರಣಿಯಲ್ಲಿ ಮೀಟರನ್ನು ಮಿಲಿಆಂಪ್ ರೇಂಜಿನಲ್ಲಿ ಸೇರಿಸಿ, ಮುಳುಗಿಸಿದ ಮೂರನೇ ಸೆಕೆಂಡಿನ ಸಂಖ್ಯೆಯನ್ನೇ ಎಲ್ಲ ದ್ರವಗಳಿಗೂ ಬರೆದುಕೊಳ್ಳಿ. ಅದು ನಿಖರ ಅಳತೆ ಆಗದಿದ್ದರೂ ಒಂದರ ಪಕ್ಕ ಒಂದಿಟ್ಟು ಹೋಲಿಸಲು ಸಾಕು.

## ಹಂತ 9: ಮತ್ತೆ ಅದೇ ತಾಮ್ರದ ತುಂಡು

ಪೆನ್ಸಿಲ್ ತೆಗೆದು, ಕ್ಲಿಪ್ಪುಗಳನ್ನು ಶುದ್ಧ ನೀರಲ್ಲಿ ಅಲುಗಿಸಿ, ಒರೆಸಿ, ಪೂರ್ತಿ ಒಣಗಿಸಿ. ಹಂತ 2ರಲ್ಲಿ ಪಕ್ಕಕ್ಕಿಟ್ಟ ತಾಮ್ರದ ತುಂಡನ್ನು ಕಚ್ಚಿಸಿ. ಬೆಳಕು ಶುರುವಿನಲ್ಲಿದ್ದಷ್ಟೇ ಇದ್ದರೆ ನಿಮ್ಮ ಪಟ್ಟಿ ಸರಿ. ಮಂಕಾಗಿದ್ದರೆ ಬ್ಯಾಟರಿ ಇಳಿದಿದೆ ಅಥವಾ ಕ್ಲಿಪ್ ಮಾಸಿದೆ. ತಾಮ್ರ ಕೊನೆಯ ಸಲ ಸರಿಯಾಗಿ ಉರಿದದ್ದು ಯಾವ ವಸ್ತುವಿನ ನಂತರ ಎಂದು ಪಟ್ಟಿಯಲ್ಲಿ ಹುಡುಕಿ, ಅಲ್ಲಿಂದ ಕೆಳಗಿನ ಸಾಲುಗಳನ್ನೆಲ್ಲ ಹೊಡೆದುಹಾಕಿ, ಬ್ಯಾಟರಿ ಬದಲಿಸಿ ಮತ್ತೆ ಅಳೆಯಿರಿ.